ದಿನವಿಡೀ ಟೈಪ್ ಮಾಡಿದ್ದು ಒಂದು ಚಿತ್ರಕ್ಕೂ ಸಾಲದು

ಬೆಳಿಗ್ಗೆ ಕೂತವರು ಸಂಜೆಯವರೆಗೆ, ಎಂಟು ಗಂಟೆ, ಕೈ ಎತ್ತದೆ ನಿಮಿಷಕ್ಕೆ 200 ಕೀ ಒತ್ತುತ್ತಾರೆ ಎಂದಿಟ್ಟುಕೊಳ್ಳಿ. ಕೀ ಒತ್ತಿದಾಗೊಮ್ಮೆ, ಬಿಟ್ಟಾಗೊಮ್ಮೆ ಸಾಮಾನ್ಯ ಯುಎಸ್‌ಬಿ ಕೀಬೋರ್ಡ್ 8 ಬೈಟ್‌ಗಳ ಸುದ್ದಿ ಕಳಿಸುತ್ತದೆ. ಸಂಜೆಗೆ ಲೆಕ್ಕ ಹಾಕಿದರೆ 15,36,000 ಬೈಟ್. ಅದೇ ಎಂಟು ಗಂಟೆ ಮೌಸನ್ನೂ ಬಿಡುವಿಲ್ಲದೆ ಆಡಿಸಿದರು ಅನ್ನಿ. ಸಲಕ್ಕೆ 4 ಬೈಟ್, ಸೆಕೆಂಡಿಗೆ 125 ಸಲ. ಒಟ್ಟು 1,44,00,000 ಬೈಟ್. ಎರಡೂ ಸೇರಿ ಒಂದೂವರೆ ಕೋಟಿಯ ಮೇಲೆ ಚಿಲ್ಲರೆ.

ಈಗ ಅವರ ಎದುರಿಗಿರುವ 4ಕೆ ಮಾನಿಟರಿನ ಕಡೆ ನೋಡಿ. ಅದರ ಮೇಲೆ ಮೂಡುವ ಒಂದೇ ಒಂದು ಚಿತ್ರಕ್ಕೆ ಬೇಕಾದದ್ದು 2,48,83,200 ಬೈಟ್. ಇಡೀ ದಿನದ ಕೈಕೆಲಸವನ್ನೆಲ್ಲ ಆ ಒಂದು ಚಿತ್ರದ ಜಾಗಕ್ಕೆ ಸುರಿದರೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಖಾಲಿ ಉಳಿಯುತ್ತದೆ. ಅಂಥ ಚಿತ್ರಗಳು ಸೆಕೆಂಡಿಗೆ 60 ಬರುತ್ತವೆ.

ಈ ಎರಡೂ ಹರಿವುಗಳು, ಕೈಯಿಂದ ಹೊರಟ ಹನಿಯೂ ಕಣ್ಣಿಗೆ ಬರುವ ಪ್ರವಾಹವೂ, ಅಂಗೈಯಗಲದ ಒಂದೇ ಪೆಟ್ಟಿಗೆಯೊಳಗೆ ಹಾದುಹೋಗುವ ಮೇಜುಗಳು ಈಗ ಬಹಳ ಇವೆ. ಆಫೀಸಿನ ಲ್ಯಾಪ್‌ಟಾಪ್ ಒಂದು, ಸ್ವಂತದ ಕಂಪ್ಯೂಟರ್ ಇನ್ನೊಂದು, ಒಳ್ಳೆಯ ಮಾನಿಟರ್ ಮಾತ್ರ ಒಂದೇ. ನಡುವೆ ಕೆವಿಎಂ ಸ್ವಿಚ್. ಗುಂಡಿ ಒತ್ತಿದರೆ ಪರದೆ, ಕೀಬೋರ್ಡ್, ಮೌಸ್ ಮೂರೂ ಒಟ್ಟಿಗೆ ಇಲ್ಲಿಂದ ಅಲ್ಲಿಗೆ ಬದಲಾಗುತ್ತವೆ. ಕೆಲವು ಪೆಟ್ಟಿಗೆಗಳಲ್ಲಿ ಕೀಬೋರ್ಡಿನ ಸ್ಕ್ರಾಲ್ ಲಾಕ್ ಕೀಯನ್ನು ಎರಡು ಸಲ ತಟ್ಟಿದರೂ ಸಾಕು. ಇಷ್ಟು ಚಿಕ್ಕ ಪೆಟ್ಟಿಗೆಗೆ ಇಷ್ಟೊಂದು ದುಡ್ಡೇಕೆ ಎಂದು ಕೇಳುವವರಿದ್ದಾರೆ. ಅದರೊಳಗೆ ನಡೆಯುವುದನ್ನು ಅಂಕಿಗಳಲ್ಲಿ ನೋಡಿದ ಮೇಲೆ ನನಗೆ ಉಳಿದದ್ದು ತಿರುಗುಮುರುಗಾದ ಪ್ರಶ್ನೆ: ಇಷ್ಟು ಕಡಿಮೆ ದುಡ್ಡಿಗೆ ಇದು ಹೇಗೆ ಸಾಧ್ಯ?

4ಕೆ ಅಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ. ಗುಣಿಸಿದರೆ 82,94,400. 2011ರ ಜನಗಣತಿಯಲ್ಲಿ ಬೆಂಗಳೂರು ನಗರದ ಜನಸಂಖ್ಯೆ 84 ಲಕ್ಷ ದಾಟಿತ್ತು. ಊರಿನವರೆಲ್ಲ ತಲೆಗೊಂದು ಚುಕ್ಕಿಯಂತೆ ನಿಂತರೆ 27 ಇಂಚಿನ ಪರದೆ ತುಂಬಿ ಕೆಲವರು ಹೊರಗೆ ಉಳಿಯುತ್ತಾರೆ. ಒಬ್ಬೊಬ್ಬರಿಗೆ ಸಿಗುವ ಜಾಗ ಮಿಲಿಮೀಟರಿನ ಆರನೇ ಒಂದು ಭಾಗಕ್ಕಿಂತಲೂ ಚಿಕ್ಕದು. ಒಂದು ಒಳ್ಳೆಯ ಭೂತಗನ್ನಡಿ ಹಿಡಿದರೆ ಆ ಜಾಗದೊಳಗೂ ಮೂರು ಪಟ್ಟಿಗಳು ಕಾಣುತ್ತವೆ: ಕೆಂಪು, ಹಸಿರು, ನೀಲಿ. ಬಿಳಿ ಎಂದು ನಾವು ನೋಡುತ್ತಿದ್ದ ಹಾಳೆಯಲ್ಲಿ ಬಿಳಿ ಎಲ್ಲೂ ಇರುವುದಿಲ್ಲ. ಪ್ರತಿ ಪಟ್ಟಿಯ ಹಿಂದೆ ಗಾಜಿನ ಮೇಲೇ ಕೂರಿಸಿದ ಒಂದು ಟ್ರಾನ್ಸಿಸ್ಟರ್. ಎರಡೂವರೆ ಕೋಟಿಗೆ ಸ್ವಲ್ಪ ಕಡಿಮೆ.

ಪ್ರತಿ ಪಟ್ಟಿಗೆ 256 ಮೆಟ್ಟಿಲು ಬೆಳಕು. ಮೂರು ಪಟ್ಟಿ ಸೇರಿ ಒಂದು ಚುಕ್ಕಿ ತೋರಬಲ್ಲ ಬಣ್ಣ 1,67,77,216. ಅಂದರೆ ಪರದೆಯ ಪ್ರತಿ ಚುಕ್ಕಿಗೂ ಬೇರೆ ಬೇರೆ ಬಣ್ಣ ಹಚ್ಚಿದರೂ, ಎಲ್ಲೂ ಒಂದು ಬಣ್ಣ ಎರಡನೇ ಸಲ ಬರದಂತೆ ನೋಡಿಕೊಂಡರೂ, ಅರ್ಧಕ್ಕಿಂತ ಹೆಚ್ಚು ಬಣ್ಣಗಳಿಗೆ ಜಾಗವೇ ಸಿಗುವುದಿಲ್ಲ.

ಸೆಕೆಂಡಿಗೆ 60 ಸಲ ಈ ಪಟವನ್ನು ಪೂರ್ತಿ ಬರೆಯಬೇಕು. ಪೂರ್ತಿ ಎಂಬ ಮಾತನ್ನು ಒತ್ತಿ ಹೇಳಬೇಕು. ನೀವು ಒಂದು ಪುಟ ತೆರೆದಿಟ್ಟು ಟೀ ಕುಡಿಯಲು ಎದ್ದು ಹೋದಿರಿ. ಪರದೆಯ ಮೇಲೆ ಒಂದು ಅಕ್ಷರವೂ ಬದಲಾಗಿಲ್ಲ. ಆದರೂ ಕೇಬಲಿನಲ್ಲಿ ಅದೇ ಪುಟ, ಅದೇ ಬಿಳಿ, ಅದೇ ಕಪ್ಪು, ಮೊದಲ ಚುಕ್ಕಿಯಿಂದ ಕೊನೆಯ ಚುಕ್ಕಿಯವರೆಗೆ ಮತ್ತೆ ಮತ್ತೆ ಹರಿಯುತ್ತಲೇ ಇರುತ್ತದೆ. ಸೆಕೆಂಡಿಗೆ 149 ಕೋಟಿ ಬೈಟ್. ಎಂಟು ಗಂಟೆಯ ಕೆಲಸದ ದಿನಕ್ಕೆ ಸುಮಾರು 43 ಟೆರಾಬೈಟ್. ಇದರಲ್ಲಿ ಒಂದು ಬೈಟೂ ಎಲ್ಲೂ ಉಳಿಯುವುದಿಲ್ಲ. ಕಣ್ಣಿಗೆ ಬಿದ್ದು ಮುಗಿಯಿತು. ಇಂಟರ್ನೆಟ್ಟಿನಲ್ಲಿ ಫೈಲ್ ಇಳಿಸುವಾಗ ಒಂದು ತುಣುಕು ಕೆಟ್ಟರೆ ಕಂಪ್ಯೂಟರ್ ಅದನ್ನು ಮತ್ತೆ ಕೇಳಿ ಪಡೆಯುತ್ತದೆ. ಮಾನಿಟರಿಗೆ ಆ ಸೌಲಭ್ಯವಿಲ್ಲ. ದಾರಿಯಲ್ಲಿ ಕೆಟ್ಟದ್ದು ಕೆಟ್ಟಂತೆಯೇ ಪರದೆ ಸೇರಿ ಚಕ್ಕನೆ ಮಿಂಚುವ ಚುಕ್ಕಿಯಾಗುತ್ತದೆ.

ತಂತಿಯಲ್ಲಿ ಹರಿಯುವುದು ಇದಕ್ಕಿಂತಲೂ ಹೆಚ್ಚು. ಎಚ್‌ಡಿಎಂಐ 2.0ರಲ್ಲಿ 82,94,400 ಚುಕ್ಕಿಗಳ ಪಟಕ್ಕೆ 99 ಲಕ್ಷ ಚುಕ್ಕಿಗಳ ಹೊತ್ತು ಮೀಸಲು. ಉಳಿದ 16 ಲಕ್ಷ ಚಿತ್ರವಿಲ್ಲದ ಬಿಡುವು. ಹಳೆಯ ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣ ಒಂದು ಸಾಲು ಮುಗಿಸಿ ಮುಂದಿನ ಸಾಲಿನ ತಲೆಗೆ ಮರಳಲು ಸಮಯ ಬೇಕಿತ್ತು. ಟ್ಯೂಬ್ ಹೋಯಿತು, ಆ ಬಿಡುವು ಉಳಿಯಿತು, ಈಗ ಅದರೊಳಗೆ ಧ್ವನಿ ಸಾಗುತ್ತದೆ. ಇದರ ಮೇಲೆ ಪ್ರತಿ 8 ಬಿಟ್ಟನ್ನು 10 ಬಿಟ್ಟಾಗಿ ಹಿಗ್ಗಿಸಿ ಕಳಿಸುವ ಪದ್ಧತಿ. ಎಲ್ಲ ಸೇರಿ ಮೂರು ಜೋಡಿ ತಂತಿಗಳಲ್ಲಿ, ಒಂದೊಂದು ಜೋಡಿಯಲ್ಲಿ ಸೆಕೆಂಡಿಗೆ 594 ಕೋಟಿ ಬಿಟ್.

ಒಂದು ಬಿಟ್ಟಿಗೆ ಸಿಗುವ ಕಾಲ 168 ಪಿಕೋಸೆಕೆಂಡ್. ಪಿಕೋಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು. ಅಷ್ಟು ಹೊತ್ತಿನಲ್ಲಿ ಬೆಳಕೇ ಸಾಗುವುದು ಸುಮಾರು ಐದು ಸೆಂಟಿಮೀಟರ್ ಮಾತ್ರ. ಕೇಬಲಿನೊಳಗಿನ ಸಂಕೇತದ ವೇಗ ಇನ್ನೂ ಕಡಿಮೆ, ಸುಮಾರು ಮೂರೂವರೆ ಸೆಂಟಿಮೀಟರ್. ಹಾಗಾದರೆ ತಂತಿಯಲ್ಲಿ ಓಡುವ ಒಂದು ಬಿಟ್ಟಿಗೆ ಉದ್ದವಿದೆ, ಹೆಬ್ಬೆರಳಿಗಿಂತ ಚಿಕ್ಕ ಉದ್ದ. ಎರಡು ಮೀಟರಿನ ಕೇಬಲನ್ನು ಯಾವ ಗಳಿಗೆಯಲ್ಲಿ ನೋಡಿದರೂ ಪ್ರತಿ ಜೋಡಿಯಲ್ಲೂ ಐವತ್ತಕ್ಕಿಂತ ಹೆಚ್ಚು ಬಿಟ್‌ಗಳು ಒಂದರ ಹಿಂದೊಂದು ದಾರಿಯಲ್ಲಿರುತ್ತವೆ. ಇಲ್ಲಿಂದ ಹೊರಟಿವೆ, ಅಲ್ಲಿಗೆ ಇನ್ನೂ ತಲುಪಿಲ್ಲ.

ಇದೇ ಲೆಕ್ಕವನ್ನು ಹಳೆಯ ವಿಜಿಎಗೆ ಹಾಕಿ ನೋಡಿದಾಗ ನನಗೆ ನಿಜವಾಗಿ ಬೆರಗಾಯಿತು. 1987ರಲ್ಲಿ ಐಬಿಎಂ ತಂದ ವಿಜಿಎ 640 ಅಡ್ಡ, 480 ಉದ್ದ. ಒಟ್ಟು 3,07,200 ಚುಕ್ಕಿ. ಇವತ್ತಿನ 4ಕೆ ಪರದೆ ಸರಿಯಾಗಿ ಅದರ 27 ಪಟ್ಟು, ಒಂದು ಚುಕ್ಕಿ ಹೆಚ್ಚಿಲ್ಲ, ಒಂದು ಚುಕ್ಕಿ ಕಡಿಮೆಯಿಲ್ಲ. ಆಗ ಒಂದು ಚುಕ್ಕಿಗೆ ಸಿಗುತ್ತಿದ್ದ ಕಾಲ ಸುಮಾರು 40 ನ್ಯಾನೋಸೆಕೆಂಡ್. ತಂತಿಯಲ್ಲಿ ಅದರ ಉದ್ದ ಎಂಟು ಮೀಟರಿಗೂ ಹೆಚ್ಚು! ಎರಡು ಮೀಟರಿನ ಕೇಬಲಿನಲ್ಲಿ ಒಂದು ಚುಕ್ಕಿಯ ಕಾಲುಭಾಗವೂ ಹಿಡಿಸುತ್ತಿರಲಿಲ್ಲ. ಆದ್ದರಿಂದಲೇ ಆಗಿನ ಸ್ವಿಚ್ ಪೆಟ್ಟಿಗೆ ಕಟಕಟ ಎಂದು ತಿರುಗಿಸುವ ಗುಬ್ಬಿಯ ಸರಳ ಯಂತ್ರವಾಗಿದ್ದರೂ ನಡೆಯುತ್ತಿತ್ತು. ಒಳಗಿನ ಹತ್ತು ಸೆಂಟಿಮೀಟರ್ ದಾರಿಯಲ್ಲಿ ಲೋಹಕ್ಕೆ ಲೋಹ ಸ್ವಲ್ಪ ಓರೆಯಾಗಿ ತಾಗಿದರೂ ಎಂಟು ಮೀಟರಿನ ಚುಕ್ಕಿಗೆ ಅದು ಲೆಕ್ಕಕ್ಕಿರಲಿಲ್ಲ. ಈಗ ಅದೇ ಹತ್ತು ಸೆಂಟಿಮೀಟರಿನೊಳಗೆ ಮೂರು ಬಿಟ್‌ಗಳು ಸಾಲಾಗಿ ನಿಂತಿರುತ್ತವೆ. ಕನೆಕ್ಟರಿನ ಒಂದು ಪಿನ್, ಸರ್ಕ್ಯೂಟ್ ಬೋರ್ಡಿನ ಒಂದು ತಿರುವು ಸರಿಯಿಲ್ಲದಿದ್ದರೆ ಸಂಕೇತದ ಒಂದು ಪಾಲು ಅಲ್ಲಿಗೆ ಬಡಿದು ಹಿಂದಿರುಗಿ, ಹಿಂದಿನಿಂದ ಬರುತ್ತಿರುವ ಬಿಟ್ಟಿನ ಮೇಲೆ ಬೀಳುತ್ತದೆ.

ಅಷ್ಟೇ ಅಲ್ಲ. ಈ ವೇಗದಲ್ಲಿ ತಂತಿಯಲ್ಲಿನ ಏರಿಳಿತ ಸುಮಾರು 3 ಗಿಗಾಹರ್ಟ್ಜ್. ಅಡುಗೆಮನೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದು 2.45ರಲ್ಲಿ. ಇಷ್ಟು ವೇಗದ ವಿದ್ಯುತ್ತು ತಾಮ್ರದ ಒಳಗೆ ಇಳಿಯುವುದೇ ಇಲ್ಲ, ಮೇಲಿನ ತೊಗಟೆಯಲ್ಲೇ ಹರಿಯುತ್ತದೆ. ಆ ತೊಗಟೆಯ ದಪ್ಪ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ತಂತಿ ಎಷ್ಟು ದಪ್ಪವಿದ್ದರೂ ನಡುವಿನ ತಾಮ್ರ ಈ ಕೆಲಸಕ್ಕೆ ಬಹುತೇಕ ಸುಮ್ಮನೆ ಕೂತಿರುತ್ತದೆ. ಒಳ್ಳೆಯ ಸ್ವಿಚ್ಚಿನಲ್ಲಿ ಬರಿಯ ದಾರಿ ಬದಲಿಸುವ ಚಿಪ್ ಇದ್ದರೆ ಸಾಲದು. ಸೊರಗಿ ಬಂದ ಸಂಕೇತಕ್ಕೆ ಬಲ ತುಂಬಬೇಕು. ಇನ್ನೂ ಒಳ್ಳೆಯದರಲ್ಲಿ ಪ್ರತಿ ಬಿಟ್ಟನ್ನೂ ಓದಿ, ಒಂದೋ ಸೊನ್ನೆಯೋ ಎಂದು ತೀರ್ಮಾನಿಸಿ, ಹೊಸದಾಗಿ ಬರೆದು ಮುಂದೆ ಕಳಿಸಬೇಕು. ಸೆಕೆಂಡಿಗೆ 594 ಕೋಟಿ ತೀರ್ಮಾನ, ಅದೂ ಮೂರು ಕಡೆ ಒಟ್ಟಿಗೆ.

ಒಂದೇ ಕೇಬಲಿನಲ್ಲಿ ಇದೆಲ್ಲ ಹೋಗುವುದಕ್ಕೆ ನಾವು ಬೇಗ ಒಗ್ಗಿಹೋದೆವು. 2001ರಲ್ಲಿ ಐಬಿಎಂ 22.2 ಇಂಚಿನ ಟಿ220 ಮಾನಿಟರನ್ನೂ ಅದರ ಬೆನ್ನಿಗೇ ಟಿ221ನ್ನೂ ತಂದಿತು. 3840 ಅಡ್ಡ, 2400 ಉದ್ದ; 92,16,000 ಚುಕ್ಕಿ, ಈಗಿನ 4ಕೆಗಿಂತಲೂ ಹೆಚ್ಚು. ಆಗಿನ ಡಿವಿಐ ಕೇಬಲ್ ಒಂದಕ್ಕೆ ಆ ಹೊರೆ ಹೊರಲು ಆಗುತ್ತಿರಲಿಲ್ಲ. ಪೂರ್ತಿ ವೇಗ ಬೇಕೆಂದರೆ ನಾಲ್ಕು ಕೇಬಲ್ ಸಿಕ್ಕಿಸಬೇಕಿತ್ತು. ಅಷ್ಟಾಗಿಯೂ ಸೆಕೆಂಡಿಗೆ 60 ಪಟ ಸಿಗುತ್ತಿರಲಿಲ್ಲ, ಸಿಕ್ಕಿದ್ದು 41. ಅಂಥ ಒಂದು ಮಾನಿಟರನ್ನು ಎರಡು ಕಂಪ್ಯೂಟರಿಗೆ ಹಂಚಬೇಕಿದ್ದರೆ ಒಳಗೆ ಎಂಟು, ಹೊರಗೆ ನಾಲ್ಕು, ಹನ್ನೆರಡು ಕೇಬಲ್ ಬೇಕಾಗುತ್ತಿತ್ತು. 2014ರಲ್ಲೂ ಡೆಲ್‌ನ 5ಕೆ ಮಾನಿಟರ್ ಯುಪಿ2715ಕೆಗೆ 60 ಹರ್ಟ್ಜ್ ಸಿಗಲು ಎರಡು ಡಿಸ್‌ಪ್ಲೇಪೋರ್ಟ್ ಕೇಬಲ್ ಬೇಕಾದವು.

ಇನ್ನು ಗುಂಡಿ ಒತ್ತಿದಾಗ ಆಗುವುದು. ಪರದೆ ಒಮ್ಮೆ ಕಪ್ಪಾಗಿ, ಎರಡು ಮೂರು ಸೆಕೆಂಡು ಹಾಗೇ ಇದ್ದು ಮತ್ತೆ ಬೆಳಗುತ್ತದೆ. ಆ ಕಪ್ಪಿನೊಳಗೆ ಒಂದು ಪರಿಚಯ ನಡೆದಿರುತ್ತದೆ. ಪ್ರತಿ ಮಾನಿಟರಿನಲ್ಲೂ ಇಡಿಐಡಿ ಎಂಬ ಒಂದು ಚೀಟಿ ಇರುತ್ತದೆ. ತಯಾರಿಸಿದವರು ಯಾರು, ಪರದೆ ಎಷ್ಟು ಸೆಂಟಿಮೀಟರ್ ಅಗಲ, ಯಾವ ಯಾವ ಅಳತೆಯ ಚಿತ್ರ ತೋರಬಲ್ಲದು, ಎಲ್ಲ ಅದರಲ್ಲಿದೆ. ಚೀಟಿಯ ಗಾತ್ರ 128 ಬೈಟ್. ಮಾಮೂಲಾಗಿ ಇನ್ನೊಂದು 128 ಸೇರಿ 256. ಸೆಕೆಂಡಿಗೆ 149 ಕೋಟಿ ಬೈಟ್ ನುಂಗುವ ಪರದೆಯ ಪೂರ್ತಿ ಗುರುತು ಇಷ್ಟರಲ್ಲೇ ಮುಗಿಯಿತು. ಎಚ್‌ಡಿಎಂಐಯಲ್ಲಿ ಇದನ್ನು ಓದುವ ತಂತಿ ಬೇರೆ, ಅದರ ವೇಗ ಬರಿಯ 100 ಕಿಲೋಹರ್ಟ್ಜ್. ಡಿಸ್‌ಪ್ಲೇಪೋರ್ಟ್ ಆದರೆ ಚೀಟಿ ಓದಿದ ಮೇಲೂ ಕೆಲಸವಿದೆ: ಕಂಪ್ಯೂಟರ್ ನಾಲ್ಕೂ ಜೋಡಿಗಳಲ್ಲಿ ಗೊತ್ತಿರುವ ಒಂದು ಮಾದರಿಯನ್ನು ಕಳಿಸುತ್ತದೆ, ಸರಿಯಾಗಿ ಬಂತೇ ಎಂದು ಕೇಳುತ್ತದೆ, ಇಲ್ಲವೆಂದರೆ ವೋಲ್ಟೇಜು ಏರಿಸಿ ಮತ್ತೆ ಕಳಿಸುತ್ತದೆ. ಏನು ಮಾಡಿದರೂ ಆಗದಿದ್ದರೆ ಒಂದು ಮೆಟ್ಟಿಲು ಕೆಳಗಿನ ವೇಗಕ್ಕೆ ಇಳಿಯುತ್ತದೆ.

ಅತ್ತ ಬಿಟ್ಟುಬಂದ ಕಂಪ್ಯೂಟರಿನ ಪಾಡು ಬೇರೆ. ಮಾನಿಟರ್ ಇದೆ ಎಂದು ಹೇಳುವ ಒಂದು ಪಿನ್ನಿನ ವೋಲ್ಟೇಜು ಬಿದ್ದರೆ ಅದಕ್ಕೆ ಮಾನಿಟರನ್ನು ಕಿತ್ತಂತೆಯೇ. ತೆರೆದಿಟ್ಟ ಕಿಟಕಿಗಳನ್ನೆಲ್ಲ ಗಾಬರಿಯಲ್ಲಿ ಲ್ಯಾಪ್‌ಟಾಪಿನ ಚಿಕ್ಕ ಪರದೆಗೆ ತುರುಕುತ್ತದೆ. ಡಿಸ್‌ಪ್ಲೇಪೋರ್ಟಿನಲ್ಲಿ ಇದಕ್ಕೆ ಎರಡು ಮಿಲಿಸೆಕೆಂಡಿನ ಗೈರುಹಾಜರಿ ಸಾಕು. ಇದನ್ನು ತಪ್ಪಿಸಲು ಮುತುವರ್ಜಿಯ ತಯಾರಕರು ಆ ಚೀಟಿಯ ಒಂದು ಪ್ರತಿಯನ್ನು ಪೆಟ್ಟಿಗೆಯಲ್ಲೇ ಇಟ್ಟು, ಮಾನಿಟರ್ ಯಾರ ಕಡೆಗಿದ್ದರೂ ಎರಡೂ ಕಂಪ್ಯೂಟರಿಗೆ ಸದಾ ತೋರಿಸುತ್ತಿರುತ್ತಾರೆ. ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು. 256 ಬೈಟಿನ ಈ ಸಣ್ಣ ಉಪಕಾರ ಇಲ್ಲದ ಪೆಟ್ಟಿಗೆ, ಬೇರೆ ಏನೇ ಇದ್ದರೂ, ದಿನಕ್ಕೆ ಹತ್ತು ಸಲ ತಾಳ್ಮೆ ಪರೀಕ್ಷಿಸುತ್ತದೆ.

ಎರಡನೆಯದು ವೇಗ. ಡಬ್ಬದ ಮೇಲೆ 4ಕೆ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ನಂಬಿ ತರಬಾರದು. ಎಚ್‌ಡಿಎಂಐ 1.4ರ ಪೆಟ್ಟಿಗೆಯೂ 4ಕೆಯೇ, ಆದರೆ ಅದರ ಮಿತಿ ಸೆಕೆಂಡಿಗೆ 10.2 ಗಿಗಾಬಿಟ್. 60 ಪಟಕ್ಕೆ 17.82 ಬೇಕು. ಆದ್ದರಿಂದ 30 ಪಟಕ್ಕೆ ನಿಲ್ಲುತ್ತದೆ. ಮೌಸನ್ನು ಜೋರಾಗಿ ಎಳೆದರೆ ಬಾಣದ ಗುರುತು ಜಾರುವ ಬದಲು ಹಾರಿ ಹಾರಿ ಹೋಗುವುದು ಬರಿಗಣ್ಣಿಗೇ ಕಾಣುತ್ತದೆ. ಕೆಲವು ಸಲ 60 ಸಿಗುತ್ತದೆ, ಆದರೆ ಬಣ್ಣವನ್ನು ಕದ್ದು: ನಾಲ್ಕು ಚುಕ್ಕಿಗೆ ಸೇರಿ ಒಂದೇ ಬಣ್ಣ. ಸಿನಿಮಾದಲ್ಲಿ ಇದು ಗೊತ್ತಾಗದು. ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಅಕ್ಷರದಲ್ಲಿ ಕನ್ನಡ ಓದಿ ನೋಡಿ. ಒತ್ತಕ್ಷರದ ಕೊಂಡಿಗಳು, ವಟ್ರಸುಳಿಯ ಬಾಲ ಅಂಚಿನಲ್ಲಿ ಕದಡಿ ಹೋಗುತ್ತವೆ. ನಮ್ಮ ಲಿಪಿಯಷ್ಟು ಸಣ್ಣ ಸಣ್ಣ ಸುರುಳಿ ಇರುವವರು ಈ ಮೋಸಕ್ಕೆ ಒಪ್ಪಲೇಬಾರದು.

ಯುಎಸ್‌ಬಿ-ಸಿ ಮೂಲಕ ಹೋದರೆ ಅಂಚು ಇನ್ನೂ ತೆಳು. ಆ ಕೇಬಲಿನ ನಾಲ್ಕು ವೇಗದ ಜೋಡಿಗಳಲ್ಲಿ ಎರಡನ್ನು ಯುಎಸ್‌ಬಿ 3ಕ್ಕೆ ಬಿಟ್ಟುಕೊಟ್ಟರೆ ಚಿತ್ರಕ್ಕೆ ಉಳಿಯುವುದು ಎರಡು. ಡಿಸ್‌ಪ್ಲೇಪೋರ್ಟ್ 1.2ರ ವೇಗದಲ್ಲಿ ಅವೆರಡು ಹೊರುವುದು 8.64 ಗಿಗಾಬಿಟ್, 1.4ರಲ್ಲಿ 12.96. 60 ಹರ್ಟ್ಜ್‌ನ 4ಕೆ ಚಿತ್ರಕ್ಕೆ, ಬಿಡುವನ್ನು ಆದಷ್ಟು ಹಿಂಡಿದ ಮೇಲೂ, ಬೇಕಾದದ್ದು ಸುಮಾರು 12.54. ನೂರಕ್ಕೆ ಮೂರರಷ್ಟು ಜಾಗ ಮಿಕ್ಕಿ ಚಿತ್ರ ದಾಟುತ್ತದೆ. ಮಾನದಂಡ ಬರೆದವರ ಲೆಕ್ಕಾಚಾರಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ.

8ಕೆಗೆ ಹೋದರೆ 3,31,77,600 ಚುಕ್ಕಿ, ಬರಿಯ ಚಿತ್ರವೇ ಸೆಕೆಂಡಿಗೆ 47.8 ಗಿಗಾಬಿಟ್. ಡಿಸ್‌ಪ್ಲೇಪೋರ್ಟ್ 2.0 ಒಂದು ಜೋಡಿಗೆ 20 ಗಿಗಾಬಿಟ್‌ವರೆಗೆ ಏರಿದೆ. ಅಲ್ಲಿ ಒಂದು ಬಿಟ್ಟಿನ ಉದ್ದ ಒಂದೇ ಸೆಂಟಿಮೀಟರ್. ಅದೇ ಕಾರಣಕ್ಕೆ ಸ್ವಿಚ್ ಇಟ್ಟುಕೊಂಡವರು ಕೇಬಲಿನ ಉದ್ದದಲ್ಲಿ ಜಿಪುಣರಾಗಬೇಕು. ಬಲ ತುಂಬದ ಪೆಟ್ಟಿಗೆಯಾದರೆ ಕಂಪ್ಯೂಟರಿನಿಂದ ಅದರವರೆಗೆ, ಅದರಿಂದ ಮಾನಿಟರಿನವರೆಗೆ ಎರಡೂ ಉದ್ದ ಕೂಡಿಯೇ ಸಂಕೇತ ಸೊರಗುತ್ತದೆ, ಮೇಲೆ ಎರಡು ಕನೆಕ್ಟರುಗಳ ನಷ್ಟ ಬೇರೆ. ಪೆಟ್ಟಿಗೆಯನ್ನು ಮಾನಿಟರಿನ ಕಾಲ ಬುಡದಲ್ಲೇ ಇಟ್ಟು, ಒಂದೊಂದು ಮೀಟರಿನ ಕೇಬಲ್ ಹಾಕಿಕೊಳ್ಳುವುದು ಒಳ್ಳೆಯದು.