ಇನ್ನೊಬ್ಬನ ಹೆಸರಿನೊಳಗೆ ಸೆರೆಯಾದವನು

ಕನ್ನಡದಲ್ಲಿ ಸೆರೆವಾಸದ ಚಿತ್ರಗಳ ಮಾತು ಬಂದಾಗ ಮೊದಲು ನೆನಪಾಗಬೇಕಾದುದು ಶಂಕರನಾಗ್ ಅವರ ಚೊಚ್ಚಲ ನಿರ್ದೇಶನದ ‘ಮಿಂಚಿನ ಓಟ’ (1980). ಕಾರು ಕದ್ದು ಜೈಲು ಸೇರಿದವರು ಅಲ್ಲಿಂದ ಪಾರಾಗಲು ಹೂಡುವ ಹಂಚಿಕೆಯನ್ನು ಬಿಗಿಯಾಗಿ ಕಟ್ಟಿಕೊಟ್ಟ ಈ ಚಿತ್ರ, ಅನಂತನಾಗ್ ಮತ್ತು ಲೋಕನಾಥ್ ಅವರ ಅಭಿನಯದಿಂದಾಗಿ ಇಂದಿಗೂ ಗೌರವದಿಂದ ಚರ್ಚೆಗೆ ಬರುತ್ತದೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಯಲ್ಲಿ ಪ್ರೇಕ್ಷಕರ ಕರುಳಿಗೆ ಹತ್ತಿರವಾಗಿ ಉಳಿದಿರುವುದು ಅದರ ಮರುವರ್ಷ, 1981ರಲ್ಲಿ, ಎಸ್.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ ‘ಅಂತ’. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಷ್ ಅದರ ನಾಯಕರೆಂಬುದು ಈ ನಂಟಿಗೆ ಒಂದು ಕಾರಣ ನಿಜ. ಆದರೆ ಅದೊಂದೇ ಕಾರಣವಾಗಿದ್ದರೆ ಅವರ ಇತರ ಚಿತ್ರಗಳಿಗೂ ಇದೇ ಬಗೆಯ ಆಯುಷ್ಯ ದೊರೆಯಬೇಕಿತ್ತು.

ಎಚ್.ಕೆ. ಅನಂತರಾವ್ ಅವರ, ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ, ಎಂದರೆ ವಾರಕ್ಕೊಂದು ಕಂತಿನಂತೆ, ಪ್ರಕಟವಾದ ಕಾದಂಬರಿ ಈ ಚಿತ್ರಕ್ಕೆ ಆಧಾರ. ಪೊಲೀಸ್ ಅಧಿಕಾರಿ ಸುಶೀಲ್‌ಕುಮಾರ್ ತನ್ನಂತೆಯೇ ಕಾಣುವ ಪಾತಕಿ ಕನ್ವರ್‌ಲಾಲನ ವೇಷ ತೊಟ್ಟು ಗೂಂಡಾಗಳ ಕೂಟದೊಳಗೆ ಸೇರಿಕೊಳ್ಳುತ್ತಾನೆ. ದ್ವಿಪಾತ್ರ, ಅಂದರೆ ಒಬ್ಬನೇ ನಟ ಎರಡು ಪಾತ್ರ ವಹಿಸುವ ತಂತ್ರ, ಕನ್ನಡ ಪ್ರೇಕ್ಷಕರಿಗೆ ಹೊಸದೇನಲ್ಲ. ಆದರೆ ಸಾಮಾನ್ಯವಾಗಿ ಕಂಡವರನ್ನು ಗಲಿಬಿಲಿಗೊಳಿಸಿ ರಂಜಿಸಲು ಬಳಕೆಯಾಗುವ ಈ ತಂತ್ರವನ್ನು ‘ಅಂತ’ ಒಂದು ಕಾರಾಗೃಹವನ್ನಾಗಿ ಮಾರ್ಪಡಿಸಿತು. ನಾಯಕನ ಮೇಲೆ ಸಂಶಯಗೊಂಡ ದುಷ್ಟರು ಅವನ ಉಗುರುಗಳನ್ನು ಕೀಳುತ್ತಾರೆ. ಅದಕ್ಕೂ ಬಾಯಿ ಬಿಡದಾಗ ಗರ್ಭಿಣಿಯಾದ ಅವನ ಹೆಂಡತಿಯನ್ನು ಎಳೆತಂದು ಅವನ ಕಣ್ಣೆದುರೇ ಹಿಂಸಿಸುತ್ತಾರೆ. ಅವಳು ತನ್ನವಳೆಂದು ಅವನು ಹೇಳುವಂತಿಲ್ಲ, ಅವಳ ನೋವಿಗೆ ಕಣ್ಣೀರು ಹಾಕುವಂತಿಲ್ಲ, ಕನ್ವರ್‌ಲಾಲನ ದರ್ಪವನ್ನು ಮುಖದ ಮೇಲಿಂದ ಒಂದು ಗಳಿಗೆಯೂ ಜಾರಗೊಡುವಂತಿಲ್ಲ. ‘ಮಿಂಚಿನ ಓಟ’ದ ಕೈದಿಗಳ ಎದುರಿಗೆ ಗೋಡೆಯೊಂದಿದೆ, ಅದನ್ನು ದಾಟುವ ಉಪಾಯವನ್ನು ಅವರು ಹುಡುಕಬಹುದು, ಸುಶೀಲ್‌ಕುಮಾರನಾದರೋ ಇನ್ನೊಬ್ಬನ ಹೆಸರಿನೊಳಗೆ ಸೆರೆಯಾಗಿದ್ದಾನೆ, ಅಲ್ಲಿಂದ ಹೊರಬರುವುದೆಂದರೆ ತಾನು ಕೈಗೊಂಡ ಕೆಲಸಕ್ಕೇ ದ್ರೋಹ ಬಗೆಯುವುದು. ಇಂದು ಈ ಸನ್ನಿವೇಶವನ್ನು ಮತ್ತೆ ನೋಡುವವರನ್ನು ಅಲುಗಾಡಿಸುವುದು ಅಲ್ಲಿನ ರಕ್ತವಲ್ಲ, ಅಂಬರೀಷ್ ಅವರ ಕಣ್ಣು ಒಂದನ್ನೂ ಬಾಯಿ ಇನ್ನೊಂದನ್ನೂ ಹೇಳುವ ಆ ಕೆಲವು ಕ್ಷಣಗಳು.

ಇದರಲ್ಲಿ ಹೆಚ್ಚು ಯೋಚಿಸಬೇಕಾದ ವಿಚಿತ್ರವೊಂದಿದೆ. ಅಭಿಮಾನಿಗಳು ತಮ್ಮ ನಾಯಕನಿಗೆ ಪ್ರೀತಿಯಿಂದ ಅಂಟಿಸಿದ ಹೆಸರು ಸತ್ಯನಿಷ್ಠ ಸುಶೀಲ್‌ಕುಮಾರನದಲ್ಲ, ಪಾತಕಿ ಕನ್ವರ್‌ಲಾಲನದು. ಕತೆಯಲ್ಲಿ ನಾಯಕನ ಬಾಯಿ ಕಟ್ಟಿದ ಹೆಸರೇ ಚಿತ್ರಮಂದಿರದ ಹೊರಗೆ ಅಕ್ಕರೆಯ ಕೂಗಾಯಿತು. ಪಾತಕಿಯ ಗತ್ತಿಗೆ ಜನ ಮರುಳಾದರು ಎಂದು ಇದನ್ನು ಬದಿಗೆ ತಳ್ಳುವುದು ಸುಲಭ, ಆದರೆ ಆ ವಿವರಣೆ ಸಾಲದು. ಆ ಹೆಸರಿನಡಿ ಅವನು ನುಂಗಿಕೊಂಡದ್ದೇನೆಂಬುದು ಪ್ರೇಕ್ಷಕರಿಗೆ ಗೊತ್ತಿತ್ತು, ಗೊತ್ತಿದ್ದೇ ಅದನ್ನು ಕೂಗಿದರು ಎನ್ನುವುದು ಹೆಚ್ಚು ಸರಿ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧಾಜ್ಞೆಯನ್ನು ಮೀರಿ ಧ್ವಜ ಹಾರಿಸಿ ಬಂಧನಕ್ಕೆ ಒಳಗಾದವರನ್ನು ಇಂದಿಗೂ ಸ್ಮರಿಸುವ ಈ ನೆಲದಲ್ಲಿ, ಅಪರಾಧಿ ಎಂಬ ಹಣೆಪಟ್ಟಿ ಹೊತ್ತವನೇ ನ್ಯಾಯದ ಪಕ್ಷದಲ್ಲಿರಬಹುದೆಂಬ ತಿಳಿವಳಿಕೆ ಹಳೆಯದು. 1995ರಲ್ಲಿ ಅದೇ ನಿರ್ದೇಶಕರು ಅದೇ ನಟನೊಡನೆ ‘ಆಪರೇಷನ್ ಅಂತ’ವನ್ನು ತಂದದ್ದೂ ಕನ್ವರ್‌ಲಾಲನ ಹೆಸರಿನ ಬಲವನ್ನು ನಂಬಿಯೇ.

ಹಿಂಸೆಯ ದೃಶ್ಯಗಳಿಗಾಗಿ ಮತ್ತು ಅಧಿಕಾರಸ್ಥರನ್ನು ಚಿತ್ರಿಸಿದ ರೀತಿಗಾಗಿ ‘ಅಂತ’ ಬಿಡುಗಡೆಯಾದಾಗ ದೊಡ್ಡ ವಿವಾದಕ್ಕೆ ಸಿಲುಕಿತು. ಅದೇ ವರ್ಷ ಬಾಬು ಅವರೇ ಜಿತೇಂದ್ರ ಅವರನ್ನು ನಾಯಕನನ್ನಾಗಿಸಿ ಈ ಕತೆಯನ್ನು ಹಿಂದಿಯಲ್ಲಿ ‘ಮೇರಿ ಆವಾಜ್ ಸುನೋ’ ಎಂದು ತೆರೆಗೆ ತಂದರು. ಹೀಗೆ ವಿವಾದಕ್ಕೆ ಸಿಲುಕಿದ ಚಿತ್ರದ ನಾಯಕನ ಬದುಕಿನಲ್ಲಿ ಮುಂದೆ ಒಂದು ವಿಪರ್ಯಾಸ ಕಾದಿತ್ತು. ಮಂಡ್ಯದಿಂದ ಮೂರು ಬಾರಿ ಲೋಕಸಭೆಗೆ ಆಯ್ಕೆಯಾದ ಅಂಬರೀಷ್ 2006ರಲ್ಲಿ ಕೇಂದ್ರದಲ್ಲಿ ರಾಜ್ಯ ಸಚಿವರಾದಾಗ ಅವರ ಪಾಲಿಗೆ ಬಂದದ್ದು ವಾರ್ತಾ ಮತ್ತು ಪ್ರಸಾರ ಖಾತೆ, ಚಲನಚಿತ್ರಗಳಿಗೆ ಪ್ರದರ್ಶನದ ಅನುಮತಿ ನೀಡುವ ಪ್ರಮಾಣೀಕರಣ ಮಂಡಳಿ ಇರುವುದು ಅದೇ ಸಚಿವಾಲಯದ ಅಡಿಯಲ್ಲಿ. ಆ ಹುದ್ದೆಯಲ್ಲಿ ಅವರು ಬಹುಕಾಲ ಇರಲಿಲ್ಲ. 2007ರ ಫೆಬ್ರುವರಿಯಲ್ಲಿ ಹೊರಬಿದ್ದ ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ನಾಲೆಯ ನೀರನ್ನು ನಂಬಿ ಕಬ್ಬು, ಭತ್ತ ಬೆಳೆಯುವ ರೈತರಿಗೆ ಆ ನಡೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಚಿತ್ರದ ಬಗ್ಗೆ ಆಕ್ಷೇಪಗಳಿಗೆ ಎಡೆಯಿಲ್ಲವೆಂದಲ್ಲ. ಗಂಡಿನ ಸಹನೆಯನ್ನು ಅಳೆಯಲು ಹೆಣ್ಣಿನ ಮೈಯನ್ನು ಒರೆಗಲ್ಲಾಗಿಸುವ ಅದರ ಕ್ರಮ ಇಂದು ನೋಡುವವರಿಗೆ ಸಹಿಸಲು ಕಷ್ಟವಾಗಬೇಕು, ಆಗುತ್ತದೆ ಕೂಡ. ಅಂಬರೀಷ್ ಅವರ ಮೌನಕ್ಕೆ ದೊರೆತ ಹೊಗಳಿಕೆಯ ಕಾಲುಭಾಗವೂ ಆ ಹೆಂಡತಿಯ ಪಾತ್ರವನ್ನು ನಿರ್ವಹಿಸಿದ ಲತಾ ಅವರಿಗೆ ದೊರೆತಿಲ್ಲ. ಅವರ ಆರ್ತನಾದ ನಂಬುವಂತಿರದಿದ್ದರೆ ಎದುರಿಗಿದ್ದವನ ಮೌನಕ್ಕೆ ಬೆಲೆಯೇ ಇರುತ್ತಿರಲಿಲ್ಲ.