ಎರಡಡಿ ಟಬ್ಬಿನ ತೊಂಬತ್ತಾರು ಕೋಟಿ

ಬೆಂಗಳೂರಿನಿಂದ ಮಾಗಡಿಗೆ ಹೊರಟರೆ ದಾರಿಯಲ್ಲೇ ತಾವರೆಕೆರೆ ಸಿಗುತ್ತದೆ. ಬಸ್ಸಿನ ಬೋರ್ಡಿನಲ್ಲಿ ಆ ಹೆಸರು ಓದಿ ಓದಿ, ತಾವರೆ ಬೆಳೆಯಬೇಕಾದರೆ ಒಂದು ಕೆರೆಯೇ ಬೇಕು ಎಂದು ನಾವು ನಂಬಿಬಿಟ್ಟಿದ್ದೇವೆ. ಅಷ್ಟೆಲ್ಲ ಬೇಡ. ತಳದಲ್ಲಿ ತೂತಿಲ್ಲದ, ಎರಡಡಿ ಅಗಲದ ಒಂದು ಟಬ್ಬು, ಅದರಲ್ಲಿ ಅರ್ಧ ಅಡಿ ಕೆರೆ ಗೋಡು, ಮೇಲೆ ಅರ್ಧ ಅಡಿ ನೀರು. ನೀರು ಹೆಚ್ಚೆಂದರೆ ನಲವತ್ತೈದು ಲೀಟರ್ ಹಿಡಿದೀತು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ತಾರಸಿಯ ಮೂಲೆ ಇದ್ದರೆ ಆಯಿತು. ಆದರೆ ಆ ಟಬ್ಬಿಗೆ ಇಳಿಯುವ ಗಿಡದ ಅಂಕಿಗಳು ಟಬ್ಬಿನಲ್ಲಿ ಹಿಡಿಯುವಂಥವಲ್ಲ. ತಾಲ್ಲೂಕಿನಲ್ಲೂ ಹಿಡಿಯುವುದಿಲ್ಲ.

ಎಲೆಯಿಂದಲೇ ಶುರು ಮಾಡೋಣ. ತಾವರೆ ಎಲೆಗೆ ನೀರು ಅಂಟುವುದಿಲ್ಲ ಎನ್ನುವುದು ಪ್ರವಚನ ಕೇಳಿದವರಿಗೆಲ್ಲ ಗೊತ್ತು. ಯಾಕೆ ಅಂಟುವುದಿಲ್ಲ ಎಂದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿದವರು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಟ್‌ಲೋಟ್. ಅವರೂ ಕ್ರಿಸ್ಟೋಫ್ ನೈನ್‌ಹುಯಿಸ್ ಅವರೂ 1997ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಗುಣ ಜಗತ್ತಿನಾದ್ಯಂತ ಮಾತಾಯಿತು; ಕೊಳೆ ಹಿಡಿಯದ ಗೋಡೆಬಣ್ಣಗಳು ಇದೇ ಜಾಡಿನಲ್ಲಿ ಬಂದವು. ಕೈಗೆ ನುಣ್ಣಗೆ ಕಾಣುವ ಆ ಎಲೆ ನಿಜಕ್ಕೂ ಉಬ್ಬುಗಳ ಕಾಡು. ಒಂದು ಚದರ ಮಿಲಿಮೀಟರಿನಲ್ಲಿ ಸುಮಾರು 3,400 ಉಬ್ಬುಗಳಿವೆ. ಮಾಗಡಿ ತಾಲ್ಲೂಕಿನ ಎರಡು ಲಕ್ಷ ಚಿಲ್ಲರೆ ಜನಕ್ಕೆ ತಲೆಗೊಂದರಂತೆ ಹಂಚಲು ಎಂಟು ಮಿಲಿಮೀಟರ್ ಉದ್ದ, ಎಂಟು ಮಿಲಿಮೀಟರ್ ಅಗಲದ ಜಾಗ ಸಾಕು.

ಇನ್ನು ಇಡೀ ಎಲೆ. ಟಬ್ಬಿನಲ್ಲಿ ಬೆಳೆದ ತಾವರೆಯ ಎಲೆ ಒಂದಡಿ ಅಗಲ ಬಂದರೆ ಅದರ ಹರವು ಎಪ್ಪತ್ತು ಸಾವಿರ ಚದರ ಮಿಲಿಮೀಟರ್. ಗುಣಿಸಿದರೆ ಇಪ್ಪತ್ತನಾಲ್ಕು ಕೋಟಿ ಉಬ್ಬು. ಅಂಥ ನಾಲ್ಕು ಎಲೆ ಎದ್ದು ನಿಂತರೆ ತೊಂಬತ್ತಾರು ಕೋಟಿ. 2024ರ ಲೋಕಸಭಾ ಚುನಾವಣೆಗೆ ಮುಂಚೆ ಇಡೀ ದೇಶದ ಮತದಾರರ ಪಟ್ಟಿಯಲ್ಲಿದ್ದ ಹೆಸರುಗಳು ಹತ್ತಿರಹತ್ತಿರ 97 ಕೋಟಿ. (ಈ ಹೂವಿನ ಪಕ್ಕದಲ್ಲಿ ಮತದಾರರ ಮಾತು ಬಂದದ್ದಕ್ಕೆ ಬೇರೆ ಅರ್ಥ ಹಚ್ಚಬೇಡಿ, ಅಂಕಿ ಕೂಡಿಬಂತು, ಅಷ್ಟೇ.) ಪ್ರತಿ ಉಬ್ಬಿನ ಮೈಮೇಲೂ ಮತ್ತೆ ಮೇಣದ ಸಣ್ಣ ಸಣ್ಣ ಕೊಳವೆಗಳು. ಒಂದೊಂದರ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ. ಅವನ್ನು ಎಣಿಸುವ ಗೋಜಿಗೆ ನಾನು ಹೋಗುವುದಿಲ್ಲ. ಮಳೆಹನಿ ಬಿದ್ದಾಗ ಈ ತುದಿಗಳನ್ನಷ್ಟೇ ಮುಟ್ಟಿ, ಮಿಕ್ಕೆಲ್ಲ ಕಡೆ ಗಾಳಿಯ ಮೇಲೆ ಕೂರುತ್ತದೆ. ದುಂಡಗೆ ಉರುಳುತ್ತದೆ, ಉರುಳುವಾಗ ದೂಳನ್ನೂ ಹೊತ್ತೊಯ್ಯುತ್ತದೆ. ಮಾಗಡಿ ರಸ್ತೆಯ ದೂಳು ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಹೂವಿನ ಲೆಕ್ಕ ಇನ್ನೊಂದು ಬಗೆಯದು. ತಾವರೆ ಹೂವು ಮೈ ಬಿಸಿ ಮಾಡಿಕೊಳ್ಳುತ್ತದೆ. ಬಿಸಿಲಿಗೆ ಕಾಯುವುದಲ್ಲ, ತಾನೇ ಉಸಿರಾಡಿ ಶಾಖ ಹುಟ್ಟಿಸುವುದು. ಆಸ್ಟ್ರೇಲಿಯಾದ ಅಡಿಲೇಡಿನ ಸಸ್ಯೋದ್ಯಾನದಲ್ಲಿ ರೋಜರ್ ಸೆಮೋರ್ ಮತ್ತು ಪಾಲ್ ಶುಲ್ಟ್ಸೆ-ಮೊಟೆಲ್ ಹೂವಿನೊಳಗೆ ತಾಪಮಾಪಕ ಇಟ್ಟು ಅಳೆದು 1996ರಲ್ಲಿ ವರದಿ ಮಾಡಿದರು. ಹೊರಗೆ ಗಾಳಿ 10 ಡಿಗ್ರಿಗೆ ಇಳಿದಾಗಲೂ ಹೂವಿನ ಒಡಲು 30 ಡಿಗ್ರಿಯ ಮೇಲೇ ಇತ್ತು. ಹೊರಗೆ ಚಳಿ ಏರಿದಷ್ಟೂ ಒಳಗೆ ಒಲೆ ಜೋರಾಗುತ್ತದೆ, ಬಿಸಿಲೇರಿದರೆ ತಣ್ಣಗಾಗುತ್ತದೆ. ಹಕ್ಕಿ, ಪ್ರಾಣಿಗಳು ಮಾಡುವ ಕೆಲಸವನ್ನು ಒಂದು ಹೂವು ಎರಡು ಮೂರು ದಿನ ಬಿಡದೆ ಮಾಡುತ್ತದೆ. ಒಂದು ಹೂವಿನ ಶಾಖ ಒಂದು ವ್ಯಾಟ್‌ವರೆಗೂ ಹೋಗುತ್ತದೆ. ಮೂರು ಹಗಲು ಮೂರು ರಾತ್ರಿ ಅದೇ ಮಟ್ಟದಲ್ಲಿ ಉರಿಯಿತು ಎಂದೇ ಇಟ್ಟುಕೊಂಡರೂ ಖರ್ಚಾಗುವುದು ಇಪ್ಪತ್ತು ಗ್ರಾಂ ರಾಗಿಹಿಟ್ಟಿನಲ್ಲಿರುವಷ್ಟು ಶಕ್ತಿ. ಮಾಗಡಿ ಕಡೆಯ ಮುದ್ದೆಯಲ್ಲಿ ಒಂದೆರಡು ತುತ್ತು. ಪರಾಗಕ್ಕೆ ಬರುವ ದುಂಬಿಗಳಿಗೆ ಬೆಚ್ಚನೆಯ ಆಸರೆ ಕೊಡುವುದೇ ಇದರ ಉದ್ದೇಶವಿರಬೇಕು ಎಂದು ಆ ವಿಜ್ಞಾನಿಗಳು ಊಹಿಸಿದ್ದಾರೆ.

ಈಗ ಬೀಜ. ನನ್ನ ಮಟ್ಟಿಗೆ ಬೆರಗು ಇಲ್ಲೇ ಇರುವುದು.

ಗ್ರಂಥಿಗೆ ಅಂಗಡಿಯಲ್ಲಿ ಜಪಮಾಲೆಗೆಂದು ಮಾರುವ ಕಪ್ಪು ತಾವರೆ ಬೀಜ ಕಲ್ಲಿನಷ್ಟು ಗಟ್ಟಿ. ತೂಕ ಒಂದು ಗ್ರಾಮಿನ ಆಸುಪಾಸು. (ಈಚೆಗೆ ಎಲ್ಲೆಲ್ಲೂ ಹುರಿದು ಮಾರುವ ಮಖಾನ ಇದಲ್ಲ, ಅದು ಬೇರೆಯೇ ಜಲಸಸ್ಯದ ಬೀಜ.) ಆ ಚಿಪ್ಪಿನೊಳಗಿನ ಮೊಳಕೆ, ಬೆಳಕನ್ನೇ ಕಾಣದಿದ್ದರೂ, ಹಸಿರಾಗಿಯೇ ಇರುತ್ತದೆ. ಚಿಪ್ಪು ಮುರಿಯುವ ತನಕ ನೀರೂ ಒಳಹೋಗುವುದಿಲ್ಲ. ಈಶಾನ್ಯ ಚೀನಾದ ಲಿಯಾವೋನಿಂಗ್ ಪ್ರಾಂತ್ಯದಲ್ಲಿ ಎಂದೋ ಬತ್ತಿಹೋದ ಕೆರೆಯಂಗಳದಿಂದ ಇಂಥ ಬೀಜಗಳನ್ನು ಅಗೆದು ತೆಗೆದರು. ಕ್ಯಾಲಿಫೋರ್ನಿಯಾದಲ್ಲಿ ಜೇನ್ ಶೆನ್-ಮಿಲ್ಲರ್ ಮತ್ತು ಸಂಗಡಿಗರು ಅವುಗಳನ್ನು ಮೊಳೆಯಿಸಿ, ಚಿಪ್ಪಿನ ಇಂಗಾಲದಿಂದ ವಯಸ್ಸು ಕಟ್ಟಿದರು. 1995ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಎಲ್ಲಕ್ಕಿಂತ ಹಳೆಯ ಬೀಜದ ವಯಸ್ಸು 1,288 ವರ್ಷ, 271 ವರ್ಷ ಅತ್ತಿತ್ತ.

ಈ ಅಂಕಿಯನ್ನು ನಮ್ಮ ಕಡೆಯ ಇತಿಹಾಸದ ಮೇಲೆ ಹಾಸಿ ನೋಡಬೇಕು. ನಡುಬಿಂದುವನ್ನೇ ಹಿಡಿದರೆ ಆ ಬೀಜ ಕೆಸರಿಗೆ ಬಿದ್ದದ್ದು ಕ್ರಿ.ಶ. 700ರ ಆಚೀಚೆ. ಬಾದಾಮಿಯಲ್ಲಿ ಚಾಲುಕ್ಯ ವಿಜಯಾದಿತ್ಯ ಆಳುತ್ತಿದ್ದ ಕಾಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಗೆ ಇನ್ನೂ ಕಲ್ಲು ಕಡಿದಿರಲಿಲ್ಲ. ರಾಷ್ಟ್ರಕೂಟರು ಬಂದು ಹೋದರು, ಹೊಯ್ಸಳರು ಬಂದು ಹೋದರು, ವಿಜಯನಗರ ಎದ್ದು ಬಿತ್ತು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನಿಗೆ ಬೆಂಗಳೂರು ಬಿಟ್ಟುಕೊಟ್ಟ ಕೆಂಪೇಗೌಡರ ಮನೆತನ ಮಾಗಡಿಗೆ ಬಂದು ನೆಲೆ ನಿಂತಾಗ ಆ ಬೀಜಕ್ಕೆ ಒಂಬೈನೂರು ದಾಟಿತ್ತು. 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿದರು, 1791ರಲ್ಲಿ ಅದೇ ದುರ್ಗ ಕಾರ್ನ್‌ವಾಲಿಸನ ಸೈನ್ಯದ ವಶವಾಯಿತು. ಆಗಲೂ ಅದು ಕೆಸರಲ್ಲಿ ಮಲಗಿಯೇ ಇತ್ತು. ಚಿಪ್ಪಿಗೆ ತೂತು ಮಾಡಿ ನೀರಿಗೆ ಹಾಕಿದ ಮೇಲೆ ಚಿಗುರಿತು. ಕೆಟ್ಟುಹೋದ ಪ್ರೋಟೀನುಗಳನ್ನು ರಿಪೇರಿ ಮಾಡುವ ಕಿಣ್ವವೊಂದು ಅಷ್ಟು ಹಳೆಯ ಬೀಜದಲ್ಲೂ ಕೆಲಸ ಮಾಡುವ ಸ್ಥಿತಿಯಲ್ಲಿತ್ತು ಎಂಬುದು ಶೆನ್-ಮಿಲ್ಲರ್ ಮತ್ತು ಸಂಗಡಿಗರ ಇನ್ನೊಂದು ಶೋಧ. ಜಪಾನಿನ ಚಿಬಾದಲ್ಲಿ 1951ರಲ್ಲಿ ಓಗಾ ಇಚಿರೋ ಅವರಿಗೆ ನೆಲದಡಿ ಸಿಕ್ಕ ಮೂರು ಬೀಜಗಳಲ್ಲಿ ಒಂದರ ಗಿಡ ಉಳಿದು 1952ರ ಜುಲೈನಲ್ಲಿ ಹೂಬಿಟ್ಟಿತು. ಅದಕ್ಕೆ ಎರಡು ಸಾವಿರ ವರ್ಷ ಎನ್ನುತ್ತಾರೆ. ಆದರೆ ಆ ಅಂದಾಜು ಬೀಜದ್ದಲ್ಲ, ಅದೇ ಜಾಗದಲ್ಲಿ ಸಿಕ್ಕ ದೋಣಿಯ ಮರದ್ದು. ಹಾಗಾಗಿ ನಾನು ಚೀನಾದ ಬೀಜವನ್ನೇ ನೆಚ್ಚುತ್ತೇನೆ.

ಮಾಗಡಿಯ ರೈತರು ಬೇಸಿಗೆಯಲ್ಲಿ ಕೆರೆ ಗೋಡು ಹೊಡೆದು ಹೊಲಕ್ಕೆ ಹರಡುವುದುಂಟು. ಒಂದು ಕಾಲಕ್ಕೆ ತಾವರೆಯಿದ್ದ ಕೆರೆಯ ಗೋಡಿನಲ್ಲಿ ಎಷ್ಟು ತಲೆಮಾರಿನ ಬೀಜ ಹೂತಿರಬಹುದು, ಟ್ರ್ಯಾಕ್ಟರಿನಲ್ಲಿ ಎಷ್ಟು ರಾಗಿ ಹೊಲ ಸೇರಿರಬಹುದು ಎಂದು ಯಾರೂ ಎಣಿಸಿಲ್ಲ.

ಇದಕ್ಕೂ ಹಿಂದೆ ಹೋಗಬಹುದು. ತಾವರೆಯ ಕುಲದ ಪಳೆಯುಳಿಕೆಗಳಿಗೆ ಹತ್ತು ಕೋಟಿ ವರ್ಷಗಳ ವಯಸ್ಸು. ನೀರಲ್ಲಿ ಪಕ್ಕಪಕ್ಕವೇ ಬೆಳೆದರೂ ನೈದಿಲೆ ಇದರ ನೆಂಟನಲ್ಲ. ವಂಶವೃಕ್ಷದಲ್ಲಿ ಹತ್ತಿರದ ಬಂಧು ಎಂದರೆ ಹೊಲದ ಬದುವಿನಲ್ಲಿ ನಿಂತಿರುವ ಸಿಲ್ವರ್ ಓಕ್! ಮೊದಲ ಸಲ ಓದಿದಾಗ ಅಚ್ಚಿನ ತಪ್ಪು ಎಂದುಕೊಳ್ಳುವವರೇ ಹೆಚ್ಚು, ಆದರೆ ವಂಶವಾಹಿಗಳ ಸಾಕ್ಷ್ಯ ಗಟ್ಟಿಯಾಗಿದೆ. ಹತ್ತು ಕೋಟಿ ದೊಡ್ಡದು ಅನಿಸಿದರೆ, ತಾರಸಿಯಿಂದ ತಲೆ ಎತ್ತಿ 1,226 ಮೀಟರ್ ಎತ್ತರದ ಸಾವನದುರ್ಗ ನೋಡಬಹುದು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಹೆಸರು ಪಡೆದ ಆ ಗ್ರಾನೈಟಿಗೆ 250 ಕೋಟಿ ವರ್ಷ.

ಟಬ್ಬಿಗೆ ಬರೋಣ. ಬೀಜದ ಒಂದು ತುದಿಯನ್ನು ಒರಟು ಕಲ್ಲಿಗೋ ಉಪ್ಪುಕಾಗದಕ್ಕೋ ಒಳಗಿನ ಬಿಳುಪು ಇಣುಕುವಷ್ಟು ಮಾತ್ರ ಉಜ್ಜಿ, ಉಗುರುಬೆಚ್ಚಗಿನ ನೀರಿಗೆ ಹಾಕಿ ದಿನಾ ನೀರು ಬದಲಿಸಬೇಕು. ಚೆನ್ನಾಗಿರುವ ಬೀಜ ಒಂದೇ ದಿನಕ್ಕೆ ಉಬ್ಬುತ್ತದೆ, ವಾರದೊಳಗೆ ಹಸಿರು ಕುಡಿ ಚಾಚುತ್ತದೆ. ಮೊದಲ ಎಲೆಗಳು ನಾಣ್ಯದಷ್ಟು, ನೀರಿನ ಮೇಲೆ ತೇಲುತ್ತವೆ. ಬೇರಿಳಿದ ಮೇಲೆ ಗೋಡಿಗೆ ಊರಬೇಕು. ಟಬ್ಬು ದುಂಡಗೇ ಇರಲಿ: ಗೆಡ್ಡೆ ಕೆಸರಲ್ಲಿ ಹರಿಯುತ್ತಾ ಹೋಗುತ್ತದೆ, ಚೌಕದ ತೊಟ್ಟಿಯ ಮೂಲೆಗೆ ತಗುಲಿದರೆ ಅಲ್ಲೇ ಮುದುಡುತ್ತದೆ. ಹಸಿ ಗೊಬ್ಬರ ಹಾಕಿದರೆ ಕುಡಿ ಸುಟ್ಟುಹೋಗುತ್ತದೆ. ಸೊಳ್ಳೆಗೆ ನಾಲ್ಕು ಗಪ್ಪಿ ಮೀನು ಬಿಡಿ. ಬೀಜದಿಂದ ಎಬ್ಬಿಸಿದ ಗಿಡ ಹೂವಿಗೆ ಒಂದೆರಡು ವರ್ಷ ಕಾಯಿಸುತ್ತದೆ, ಗೆಡ್ಡೆಯಿಂದಾದರೆ ಬೇಗ. ಹೂವುದುರಿದ ಮೇಲೆ ಆ ಕೊಡೆಯಂಥ ಕಾಯಿ ಒಣಗಿ ಕಪ್ಪಾಗುವವರೆಗೂ ಕಿತ್ತುಬಿಡಬೇಡಿ. ಅದರಲ್ಲಿ ಹದಿನೈದಿಪ್ಪತ್ತು ಬೀಜ ಸಿಗುತ್ತವೆ. ಬಿತ್ತಲು ಅವಸರವೇನೂ ಇಲ್ಲ.