ಹೊತ್ತಲ್ಲದ ಹೊತ್ತಿನ ಅತಿಥಿಗಳೂ ಮನೆಯ ಅಡುಗೆಯೂ

ತಿಥಿಯನ್ನು ನೋಡದೆ ಬರುವವನೇ ಅತಿಥಿಯೆಂದು ನಮ್ಮ ಹಿರಿಯರು ಆ ಶಬ್ದಕ್ಕೆ ಅರ್ಥ ಹೇಳುತ್ತ ಬಂದಿದ್ದಾರೆ. ಈಗ ಮನೆಮನೆಗೂ ದೂರವಾಣಿ ಬಂದಿದೆ. ಕೈಯಲ್ಲಿ ಹಿಡಿದು ತಿರುಗುವ ಫೋನು ಇಲ್ಲದವರೇ ವಿರಳ. ಆದರೂ ಮುಂದಾಗಿ ತಿಳಿಸದೆ ಅಂಗಳಕ್ಕೆ ಬಂದು ನಿಲ್ಲುವವರ ಸಂಖ್ಯೆ ಕಡಿಮೆಯಾದಂತೆ ಕಾಣುವುದಿಲ್ಲ. "ಈ ದಾರಿಯಾಗಿ ಹೋಗುತ್ತಿದ್ದೆವು, ಮಾತನಾಡಿಸದೆ ಹೋಗಲು ಮನಸ್ಸಾಗಲಿಲ್ಲ" ಎಂದು ನಗುತ್ತ ಬರುವವರನ್ನು ಕಂಡು ಸಂತೋಷಪಡದವರು ಯಾರು? ಆ ಸಂತೋಷದ ಬೆನ್ನಿಗೇ ಗೃಹಿಣಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆಯೂ ಒಂದುಂಟು: ಈಗ ಬಡಿಸುವುದೇನನ್ನು?

ನಾವು ವಾಸಿಸುವ ಜಾಲ್ಸೂರಿನಲ್ಲಿ ಈ ಪ್ರಶ್ನೆ ಪದೇಪದೇ ಏಳುವುದಕ್ಕೆ ಕಾರಣವಿದೆ. ಮಾಣಿಯಿಂದ ಪುತ್ತೂರು, ಸುಳ್ಯ, ಮಡಿಕೇರಿಗಳ ಮೇಲಾಗಿ ಮೈಸೂರಿಗೆ ಹೋಗುವ ಹೆದ್ದಾರಿ ನಮ್ಮ ಗ್ರಾಮವನ್ನು ಹಾದುಹೋಗುತ್ತದೆ. ಇಲ್ಲಿಂದಲೇ ಇನ್ನೊಂದು ರಸ್ತೆ ಕವಲೊಡೆದು ಆದೂರು, ಮುಳ್ಳೇರಿಯಾಗಳ ಮೂಲಕ ಕಾಸರಗೋಡಿನ ಕಡೆಗೆ ಇಳಿಯುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ನೆಂಟಸ್ತಿಕೆಗಳು ಮಾತ್ರ ಆ ಗಡಿಯ ಎರಡು ಬದಿಗಳಲ್ಲಿಯೂ ಹಾಗೆಯೇ ಉಳಿದುವು. ಮದುವೆಗೆ ಹೋಗುವವರು, ಔಷಧೋಪಚಾರಕ್ಕೆ ಮಂಗಳೂರಿಗೆ ಹೊರಟವರು, ದೇವಸ್ಥಾನದಿಂದ ಹಿಂದಿರುಗುವವರು, ಎಲ್ಲರಿಗೂ ನಮ್ಮ ಕವಲುದಾರಿ ಒಂದು ತಂಗುದಾಣ.

ಇದರ ಮೇಲೆ ಮಳೆಗಾಲದ ಕೆಲಸ ಬೇರೆ. ಅಡಿಕೆಗೆ ಕೊಳೆರೋಗ ತಗಲದಂತೆ ಮೈಲುತುತ್ತು ಸುಣ್ಣಗಳ ದ್ರಾವಣವನ್ನು ಸಿಂಪಡಿಸಬೇಕಾದರೆ ಮಳೆ ಬಿಡಬೇಕು. ಮಳೆ ಯಾವ ದಿನ ಬಿಟ್ಟೀತೆಂದು ಪಂಚಾಂಗದಲ್ಲಿ ಬರೆದಿರುವುದಿಲ್ಲ. ಬೆಳಗ್ಗೆ ಬಿಸಿಲು ಕಂಡಿತೆಂದರೆ ಮರವೇರಿ ಮದ್ದು ಬಿಡುವವರು ತಟ್ಟನೆ ಬಂದುಬಿಡುತ್ತಾರೆ. ಅವರಿಗೂ ತಿಂಡಿ, ಊಟ, ಚಹಾ ಆಗಬೇಕು. ಅತಿಥಿಯೂ ಕೆಲಸದವರೂ ಒಂದೇ ದಿನ ಕೂಡಿಬಂದರೆ ಅಡುಗೆಮನೆಯ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು.

ಅಂಥ ಒಂದು ದಿನದ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಆಷಾಢದ ಒಂದು ಬಿಸಿಲ ದಿನ. ತೋಟದಲ್ಲಿ ನಾಲ್ವರು ಕೆಲಸದವರು. ಹನ್ನೆರಡು ಗಂಟೆಯ ಸುಮಾರಿಗೆ ಐವರು ನೆಂಟರು ಬಂದಿಳಿದರು. ಹಿಂದಿನ ರಾತ್ರಿಯ ಗಾಳಿಗೆ ವಿದ್ಯುತ್ತು ಹೋಗಿತ್ತು; ಮಿಕ್ಸಿ ತಿರುಗುವಂತಿರಲಿಲ್ಲ. ನಮ್ಮ ಅತ್ತೆಯವರು ಧೃತಿಗೆಡದೆ ರುಬ್ಬುಗುಂಡಿನಲ್ಲಿ ಅರೆದು ಸಾಂಬಾರು, ಪಲ್ಯ, ಪಾಯಸಗಳನ್ನು ಮಾಡಿ ಎಲ್ಲರಿಗೂ ತೃಪ್ತಿಯಾಗುವಂತೆ ಬಡಿಸಿದರು. ಬಂದವರು ಬಾಯ್ತುಂಬ ಹೊಗಳಿದರು, ನಮಗೂ ಹೆಮ್ಮೆಯೆನಿಸಿತು. ಸಾಯಂಕಾಲ ಮನೆಯ ಚಿಕ್ಕ ಮಗುವೊಂದು, "ಅಜ್ಜಿ ಊಟ ಮಾಡಲೇ ಇಲ್ಲ, ಗಂಜಿತಿಳಿ ಕುಡಿದು ಮಲಗಿದರು" ಎಂದು ಹೇಳಿದಾಗ ನಮ್ಮ ಹೆಮ್ಮೆ ಅಲ್ಲಿಗೇ ಇಳಿದುಹೋಯಿತು. ಅನ್ನದ ಪಾತ್ರೆ ಬರಿದಾದುದನ್ನು ನಾವು ಯಾರೂ ನೋಡಿರಲಿಲ್ಲ. ಇಷ್ಟು ವರ್ಷಗಳಲ್ಲಿ ಹೀಗೆ ಎಷ್ಟು ಸಲ ಆಗಿತ್ತೋ ಎಂದು ಕೇಳಿದರೆ ಅವರು ನಕ್ಕು ಸುಮ್ಮನಾದರು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಅಡುಗೆ ಮಾಡಿದವರ ಪಾಲನ್ನು ಮೊದಲೇ ತೆಗೆದಿಟ್ಟು, ಆಮೇಲೆ ಪಂಕ್ತಿಗೆ ಬಡಿಸಬೇಕು. ಅಕಸ್ಮಾತ್ತಾಗಿ ಬಂದವರಿಗೆ ಮಾಡುವ ಅಡುಗೆಯೂ, ಮಾಡಿದವಳು ಬಂದವರೊಡನೆ ಕುಳಿತು ಕ್ಷೇಮಸಮಾಚಾರ ಕೇಳುವಷ್ಟು ಹೊತ್ತನ್ನು ಉಳಿಸಿಕೊಡುವಂಥದಾಗಿರಬೇಕು. ಮುಂದೆ ಹೇಳುವ ಪದಾರ್ಥಗಳನ್ನು ಈ ದೃಷ್ಟಿಯಿಂದಲೇ ಆರಿಸಿಕೊಂಡಿದ್ದೇವೆ. ಲೋಟವೆಂದು ಹೇಳಿದಲ್ಲೆಲ್ಲ ಸುಮಾರು 200 ಮಿಲಿಲೀಟರು ಹಿಡಿಯುವ ಲೋಟವೆಂದು ತಿಳಿಯತಕ್ಕದ್ದು.

ಮೊದಲ ಐದು ನಿಮಿಷ

ಬಂದವರಿಗೆ ಬೆಲ್ಲ ಮತ್ತು ನೀರನ್ನು ಕೊಡುವುದು ನಮ್ಮ ಸೀಮೆಯ ಹಳೆಯ ಸಂಪ್ರದಾಯ. ಇದನ್ನು ಬಡತನದ ಉಪಚಾರವೆಂದು ಭಾವಿಸಿ ಕೆಲವರು ಬಿಟ್ಟುಬಿಡುತ್ತಿರುವುದು ಸರಿಯಲ್ಲ. ಬಿಸಿಲಿನಲ್ಲಿ ದಣಿದು ಬಂದವರಿಗೆ ಇದರಿಂದ ಕೂಡಲೇ ಚೇತರಿಕೆಯಾಗುವುದು. ಮನೆಯವಳಿಗೆ ಒಲೆ ಹಚ್ಚಲು ಐದು ನಿಮಿಷದ ಬಿಡುವೂ ದೊರೆಯುವುದು. ಮಜ್ಜಿಗೆಯಿದ್ದರೆ ಜಜ್ಜಿದ ಶುಂಠಿ, ಕಿವುಚಿದ ಕರಿಬೇವು, ಉಪ್ಪುಗಳನ್ನು ಬೆರೆಸಿ ಕೊಡಬಹುದು. ಪುನರ್ಪುಳಿಯ ಹಣ್ಣಿನ ಕಾಲದಲ್ಲಿ ಸಿಪ್ಪೆಗೆ ಸಕ್ಕರೆ ತುಂಬಿ ಬಿಸಿಲಿಗಿಟ್ಟು ರಸ ತೆಗೆದಿರಿಸಿದ್ದರೆ, ಆ ರಸಕ್ಕೆ ತಣ್ಣೀರು ಸೇರಿಸಿದರೆ ಸಾಕು.

ಕಾಲು ಗಂಟೆಯ ತಿಂಡಿ

ತಿಂಡಿಯ ಹೊತ್ತಿಗೆ ಬಂದವರಿಗೆ ಅವಲಕ್ಕಿಯಷ್ಟು ಅನುಕೂಲವಾದ ಪದಾರ್ಥ ಬೇರೊಂದಿಲ್ಲ. ತೆಳುವಾದ ಅವಲಕ್ಕಿ 4 ಲೋಟ, ತೆಂಗಿನತುರಿ 1 ಲೋಟ, ಪುಡಿಮಾಡಿದ ಬೆಲ್ಲ 2 ದೊಡ್ಡ ಚಮಚ, ಕೊತ್ತಂಬರಿ, ಜೀರಿಗೆ, ಒಣಮೆಣಸುಗಳನ್ನು ಹುರಿದು ಮಾಡಿದ ಪುಡಿ 2 ಸಣ್ಣ ಚಮಚ, ರುಚಿಗೆ ತಕ್ಕ ಉಪ್ಪು. ಮೊದಲು ತುರಿ, ಬೆಲ್ಲ, ಪುಡಿ, ಉಪ್ಪುಗಳನ್ನು ಕೈಯಿಂದ ಚೆನ್ನಾಗಿ ಕಿವುಚಬೇಕು. ಬೆಲ್ಲ ಕರಗಿ ತುರಿ ಒದ್ದೆಯಾದ ಮೇಲೆ ಅವಲಕ್ಕಿಯನ್ನು ಹಾಕಿ ಹಗುರವಾಗಿ ಕಲಸಬೇಕು. ನೀರನ್ನು ಹಾಕಕೂಡದು, ಕಾಯಿಯ ತೇವದಿಂದಲೇ ಅವಲಕ್ಕಿ ಮೆತ್ತಗಾಗುವುದು. ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಕರಿಬೇವುಗಳ ಒಗ್ಗರಣೆ ಕೊಟ್ಟು ಹತ್ತು ನಿಮಿಷ ಮುಚ್ಚಿಡತಕ್ಕದ್ದು.

ಇದಕ್ಕೆ ಜೊತೆ ಸಜ್ಜಿಗೆ. ಬೇರೆ ಕಡೆ ಉಪ್ಪಿಟ್ಟೆನ್ನುವುದನ್ನೇ ನಮ್ಮಲ್ಲಿ ಸಜ್ಜಿಗೆಯೆನ್ನುವುದು. ಇದರಲ್ಲಿ ಹೊತ್ತು ಹಿಡಿಯುವ ಕೆಲಸವೆಂದರೆ ರವೆಯನ್ನು ಹುರಿಯುವುದು. ಬಿಡುವಿನ ದಿನ ಒಂದು ಕಿಲೋ ರವೆಯನ್ನು ಹದವಾಗಿ ಹುರಿದು, ಆರಿಸಿ, ಡಬ್ಬಿಯಲ್ಲಿಟ್ಟಿದ್ದರೆ ಬೇಕಾದಾಗ ಒಗ್ಗರಣೆಗೆ ನೀರು ಹಾಕಿ ಕುದಿಸಿ ಬೆರೆಸುವುದಷ್ಟೇ ಉಳಿಯುವುದು. ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು ಹಿಡಿಯುತ್ತದೆ. ಸಜ್ಜಿಗೆಯ ಮೇಲೆ ಅವಲಕ್ಕಿಯನ್ನು ಬೆರೆಸಿ ತಿನ್ನುವುದು ಕರಾವಳಿಯವರ ವಾಡಿಕೆ; ಘಟ್ಟದ ಮೇಲಿನಿಂದ ಬಂದವರು ಮೊದಲು ಬೆರಗಾದರೂ ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುವುದನ್ನು ಕಂಡಿದ್ದೇವೆ.

ಅತಿಥಿಗಳು ರಾತ್ರಿ ನಿಂತರೆ, ಮಲಗುವ ಮೊದಲು ಎರಡು ಲೋಟ ಬೆಳ್ತಿಗೆ ಅಕ್ಕಿಯನ್ನು ನೆನೆಹಾಕಿದರೆ ಬೆಳಗ್ಗಿನ ಚಿಂತೆಯಿಲ್ಲ. ಅದನ್ನು ನುಣ್ಣಗೆ ಅರೆದು, ಉಪ್ಪು ಹಾಕಿ, ಮಜ್ಜಿಗೆಯಂತೆ ತೆಳುವಾಗಿ ಮಾಡಿಕೊಂಡು ಕಾದ ಕಾವಲಿಗೆ ಹೊಯ್ದರೆ ನೀರುದೋಸೆ. ಹುಳಿ ಬರಿಸಬೇಕಾದ ಅವಶ್ಯಕತೆಯೇ ಇಲ್ಲ. ಬೆಲ್ಲ ಬೆರೆಸಿದ ತೆಂಗಿನತುರಿಯೊಡನೆ ಇದನ್ನು ಮಕ್ಕಳೂ ಮುದುಕರೂ ಒಂದೇ ಆಸೆಯಿಂದ ತಿನ್ನುತ್ತಾರೆ.

ಊಟದ ಹೊತ್ತಿಗೆ ಬಂದರೆ

ನಮ್ಮ ಜಿಲ್ಲೆಯ ನಿತ್ಯದ ಊಟ ಕುಚ್ಚಲಕ್ಕಿಯದು. ಅದು ತೆರೆದ ಪಾತ್ರೆಯಲ್ಲಿ ಬೇಯುವುದಕ್ಕೆ ಮುಕ್ಕಾಲು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಬೆಳ್ತಿಗೆ ಅಕ್ಕಿಯಾದರೋ ಇಪ್ಪತ್ತು ನಿಮಿಷಗಳಲ್ಲಿ ಅನ್ನವಾಗುತ್ತದೆ. ಆದುದರಿಂದ ನಿತ್ಯ ಕುಚ್ಚಲಕ್ಕಿ ಉಣ್ಣುವ ಮನೆಯಲ್ಲಿಯೂ ಐದಾರು ಲೋಟ ಬೆಳ್ತಿಗೆ ಅಕ್ಕಿಯನ್ನು ಪ್ರತ್ಯೇಕವಾಗಿ ಇಟ್ಟುಕೊಂಡಿರಬೇಕು. ಇಬ್ಬರಿಗೆ ಒಂದು ಲೋಟದಂತೆ ಲೆಕ್ಕ ಹಿಡಿದು, ಕೊನೆಗೆ ಅಡುಗೆಯವಳ ಪಾಲೆಂದು ಅರ್ಧ ಲೋಟವನ್ನು ಸೇರಿಸಬೇಕು. ಈ ಅರ್ಧ ಲೋಟವನ್ನು ಮರೆಯುವ ಅಭ್ಯಾಸವೇ ಮೇಲೆ ಹೇಳಿದ ಅನರ್ಥಕ್ಕೆ ಮೂಲ.

ಅನ್ನ ಬೇಯುವಷ್ಟರಲ್ಲಿ ಪುನರ್ಪುಳಿಯ ಸಾರು ಸಿದ್ಧವಾಗಬಲ್ಲುದು. ಒಣಗಿಸಿದ ಸಿಪ್ಪೆ ಎಂಟು ಹತ್ತು, ನೀರು 4 ಲೋಟ, ಸೀಳಿದ ಹಸಿಮೆಣಸು ಎರಡು, ಲಿಂಬೆಗಾತ್ರದ ಬೆಲ್ಲ, ಉಪ್ಪು. ಇವನ್ನು ಹತ್ತು ನಿಮಿಷ ಕುದಿಸಿ, ಸಾಸಿವೆ, ಕರಿಬೇವು, ಇಷ್ಟವಿದ್ದವರು ಬೆಳ್ಳುಳ್ಳಿ ಹಾಕಿ ಒಗ್ಗರಣೆ ಕೊಟ್ಟರೆ ಆಯಿತು. ಅರೆಯುವ ಕೆಲಸವಿಲ್ಲವಾದ್ದರಿಂದ ವಿದ್ಯುತ್ತು ಹೋದ ದಿನಕ್ಕೆ ಇದು ಬಹಳ ಯೋಗ್ಯ.

ಅರೆಯಲು ಅನುಕೂಲವಿದ್ದರೆ ಒಂದೆಲಗದ ತಂಬುಳಿ. ತುಳುವಿನಲ್ಲಿ ತಿಮರೆಯೆನ್ನುವ ಈ ಸೊಪ್ಪು ತೇವವಿರುವ ತೋಟದ ಅಂಚಿನಲ್ಲಿ ತಾನಾಗಿ ಹಬ್ಬಿರುತ್ತದೆ. ಚೆನ್ನಾಗಿ ತೊಳೆದ ಒಂದು ಹಿಡಿ ಸೊಪ್ಪು, ಅರ್ಧ ಲೋಟ ತೆಂಗಿನತುರಿ, ಅರ್ಧ ಸಣ್ಣ ಚಮಚ ಜೀರಿಗೆ, ನಾಲ್ಕು ಕಾಳುಮೆಣಸುಗಳನ್ನು ನುಣ್ಣಗೆ ಅರೆದು ಎರಡು ಲೋಟ ಮಜ್ಜಿಗೆಯಲ್ಲಿ ಕದಡಿ, ಉಪ್ಪು ಹಾಕಿ, ತುಪ್ಪದ ಒಗ್ಗರಣೆ ಕೊಡಬೇಕು. ಇದನ್ನು ಕುದಿಸುವುದಿಲ್ಲ.

ಸಿಹಿಯಿಲ್ಲದೆ ಮನಸ್ಸೊಪ್ಪದಿದ್ದರೆ ಪಾಯಸಕ್ಕೆ ಹೊರಡುವುದು ಬೇಡ. ಚೆನ್ನಾಗಿ ಹಣ್ಣಾದ ಆರು ಬಾಳೆಹಣ್ಣುಗಳನ್ನು ಸಣ್ಣಗೆ ಹೆಚ್ಚಿ, ಎರಡು ಲೋಟ ತೆಂಗಿನಹಾಲು, ಮುಕ್ಕಾಲು ಲೋಟ ಬೆಲ್ಲದ ಪುಡಿ, ಎರಡು ಏಲಕ್ಕಿಗಳ ಪುಡಿ ಸೇರಿಸಿದರೆ ರಸಾಯನವಾಗುತ್ತದೆ. ಒಲೆಯ ಸಹಾಯವೇ ಬೇಡ.

ಬೇಸಗೆಯ ಶ್ರಮ, ಮಳೆಗಾಲದ ಬಿಡುವು

ಕ್ಷಣಮಾತ್ರದಲ್ಲಿ ಆಗುವ ಅಡುಗೆಯೆಂದು ನಾವು ಹೇಳುವುದೆಲ್ಲ ಯಾವಾಗಲೋ ಒಮ್ಮೆ ನಿಧಾನವಾಗಿ ಆದ ಅಡುಗೆಯೇ. ಏಪ್ರಿಲ್ ಮೇ ತಿಂಗಳುಗಳಲ್ಲಿ ಬಲಿತ ಹಲಸಿನಕಾಯಿಯ ಸೊಳೆಗಳನ್ನು ಬೇಯಿಸಿ, ಉಪ್ಪು, ಮೆಣಸು, ಕೊತ್ತಂಬರಿಗಳೊಡನೆ ಅರೆದು, ಉಂಡೆಗಳನ್ನು ಒತ್ತಿ, ಚಾಪೆಯ ಮೇಲೆ ಒಣಗಿಸಿದ ಹಪ್ಪಳವೇ ಜುಲೈ ತಿಂಗಳಲ್ಲಿ ಎರಡು ನಿಮಿಷದ ಉಪಾಹಾರವಾಗುವುದು. ಕಾಯಿತುರಿಯೊಡನೆ ಅದರ ರುಚಿಯನ್ನು ಬಲ್ಲವರೇ ಬಲ್ಲರು. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸು, ಭರಣಿಯ ಮಾವಿನ ಮಿಡಿ, ಒಣಗಿದ ಪುನರ್ಪುಳಿ, ಇವೆಲ್ಲ ಇದೇ ವರ್ಗಕ್ಕೆ ಸೇರಿದುವು. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು ಮಾತ್ರ ತಟ್ಟನೆ ಬಳಸಲಾಗದು. ನೀರಿನಲ್ಲಿ ಎರಡು ಗಂಟೆಯಾದರೂ ಇರಿಸಿ ಉಪ್ಪು ಬಿಡಿಸಬೇಕಾದುದರಿಂದ ರಾತ್ರಿ ನಿಲ್ಲುವ ಅತಿಥಿಗಳಿಗಷ್ಟೇ ಅದು ಒದಗುವುದು. ಮೀನುಣ್ಣುವ ಮನೆಗಳವರಿಗೂ ಇದೇ ನ್ಯಾಯ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳಿಗೆ ಕಡಲಿನಲ್ಲಿ ನಿಷೇಧವಿರುವಾಗ ಬೇಸಗೆಯ ಒಣಮೀನನ್ನು ಕೆಂಡದಲ್ಲಿ ಸುಟ್ಟು, ಕಾಯಿ, ಮೆಣಸು, ಹುಳಿಗಳೊಡನೆ ಕುಟ್ಟಿದ ಚಟ್ನಿಯೇ ಗಂಜಿಗೆ ಆಧಾರ.

ಈ ಸಂಗ್ರಹವೆಲ್ಲ ಹೆಂಗಸರ ಕೈಯಿಂದ ಆದುದೆಂಬುದನ್ನು ಗಂಡಸರು ಗಮನಕ್ಕೆ ತಂದುಕೊಳ್ಳಬೇಕು. ಹಪ್ಪಳ ಒತ್ತುವ ದಿನ ಸೊಳೆ ಬಿಡಿಸುವುದಕ್ಕೂ, ಅತಿಥಿಗಳು ಬಂದ ದಿನ ಕಾಯಿ ಸುಲಿದು ತುರಿಯುವುದಕ್ಕೂ, ಎಲೆ ಕೊಯ್ದು ತರುವುದಕ್ಕೂ, ಬಡಿಸುವುದಕ್ಕೂ ಯಾವ ವಿಶೇಷ ವಿದ್ಯೆಯೂ ಬೇಡ. ಮನೆಯ ಯಜಮಾನನು ಜಗಲಿಯಲ್ಲಿ ಕುಳಿತು "ಊಟ ಮಾಡಿಕೊಂಡೇ ಹೋಗಬೇಕು" ಎಂದು ಒತ್ತಾಯ ಮಾಡುವಾಗ, ಆ ಮಾತಿನ ಭಾರ ಯಾರ ತಲೆಯ ಮೇಲೆ ಬೀಳುವುದೆಂಬುದನ್ನು ಒಂದು ಗಳಿಗೆ ಆಲೋಚಿಸಿ, ಎದ್ದು ಹೋಗಿ ಒಂದು ತೆಂಗಿನಕಾಯಿಯನ್ನು ಸುಲಿದುಕೊಟ್ಟರೆ ಆ ಒತ್ತಾಯಕ್ಕೆ ಬೆಲೆ ಬರುವುದು.

ಬರುವವರಲ್ಲಿಯೂ ನಮ್ಮದೊಂದು ವಿಜ್ಞಾಪನೆಯಿದೆ. ಪುತ್ತೂರು ಬಿಟ್ಟ ಮೇಲಾದರೂ ಒಂದು ಕರೆ ಮಾಡಿ ತಿಳಿಸಿದರೆ ಅನ್ನಕ್ಕೆ ಇಡುವಷ್ಟು ಹೊತ್ತು ದೊರೆಯುತ್ತದೆ. ತಿಳಿಸದೆ ಬಂದರೂ ಅಡ್ಡಿಯಿಲ್ಲ, ಊಟವಾದ ಮೇಲೆ "ಮನೆಯವರ ಊಟ ಆಯಿತೇ?" ಎಂದು ಒಂದು ಮಾತು ಕೇಳಿಯೇ ಕೈತೊಳೆಯಲು ಏಳಿರಿ.

ನಮ್ಮ ಅತ್ತೆಯವರು ಈಗಲೂ ಅತಿಥಿಗಳು ಬಂದರೆ ಮೊದಲಿನಂತೆಯೇ ಸಂಭ್ರಮಪಡುತ್ತಾರೆ. ಪದಾರ್ಥಗಳು ಆರರಿಂದ ಮೂರಕ್ಕೆ ಇಳಿದಿವೆ; ಸಾರು, ತಂಬುಳಿ, ಹಪ್ಪಳ. ಅವರ ಎಲೆ ಈಗ ನೆಂಟರ ಪಂಕ್ತಿಯಲ್ಲಿಯೇ ಬೀಳುತ್ತದೆ. ಮೊದಮೊದಲು ಸಂಕೋಚಪಡುತ್ತಿದ್ದವರು ಈಗ ಊಟದ ನಡುವೆ ಹಳೆಯ ಕಥೆಗಳನ್ನು ಹೇಳುತ್ತಾರೆ. ಆ ಕಥೆಗಳನ್ನು ಕೇಳುವುದಕ್ಕಾಗಿಯೇ ಕೆಲವರು ದಾರಿಯನ್ನು ಸುತ್ತುಬಳಸಿ ಜಾಲ್ಸೂರಿಗೆ ಬರುತ್ತಿರುವರೆಂದು ನಮಗೆ ಗುಮಾನಿಯಿದೆ.